ಸಹಿಗಳ ಸುತ್ತು, ಅಕ್ಕಿಯ ಹಡಗು: ಜಪಾನಿನ ಪ್ರತಿರೋಧದ ಚರಿತ್ರೆಯನ್ನು ಅಭ್ಯಾಸ ಮಾಡುವ ಬಗೆ

ಜಪಾನ್ ಎಂದೊಡನೆ ಶಿಸ್ತು, ಒಮ್ಮತ, ತಲೆ ತಗ್ಗಿಸಿ ದುಡಿಯುವ ಜನ ಎಂಬ ಚಿತ್ರವೇ ಬಹುಮಂದಿಯ ಕಣ್ಣಮುಂದೆ ಬರುತ್ತದೆ. ಆ ಚಿತ್ರವನ್ನು ನಂಬಿ, ಶೋಗನ್‌ಗಳ ಆಳ್ವಿಕೆ ಮುಗಿದು ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂದ 1868ರ ನಂತರದ ಚರಿತ್ರೆಯನ್ನು ತೆರೆದವರಿಗೆ ಮೊದಲ ಕೆಲವು ಪುಟಗಳಲ್ಲೇ ಗಲಿಬಿಲಿಯಾಗುತ್ತದೆ. ಕಡ್ಡಾಯ ಸೈನಿಕ ಸೇವೆಯ ವಿರುದ್ಧ ಹಳ್ಳಿಗಳು ದಂಗೆ ಎದ್ದಿರುತ್ತವೆ, ಸಾಲದಲ್ಲಿ ಮುಳುಗಿದ ರೈತರು ಸರ್ಕಾರಿ ಕಚೇರಿಯನ್ನು ವಶಪಡಿಸಿಕೊಂಡಿರುತ್ತಾರೆ, ಗಣಿಯ ವಿಷದಿಂದ ಗದ್ದೆ ಕಳೆದುಕೊಂಡವರು ರಾಜಧಾನಿಯತ್ತ ನಡೆದು ಹೊರಟಿರುತ್ತಾರೆ, ರಾಜಧಾನಿಯ ಪೊಲೀಸ್ ಚೌಕಿಗಳು ಸುಟ್ಟು ಬೂದಿಯಾಗಿರುತ್ತವೆ. ಇದರಿಂದ ಪಾರಾಗಲು ಕೆಲವರು ಇವನ್ನೆಲ್ಲ ಅಪವಾದಗಳೆಂದು ಬದಿಗಿಡುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ ‘ಜನತೆಯ ನಿರಂತರ ಹೋರಾಟ’ ಎಂಬ ಹಾರ ಕಟ್ಟಿಬಿಡುತ್ತಾರೆ. ಎರಡೂ ದಾರಿಗಳು ಓದುಗರನ್ನು ನಡೆದ ಸಂಗತಿಯಿಂದ ದೂರ ಒಯ್ಯುತ್ತವೆ.

ಜಪಾನೀ ಭಾಷೆ ಬಾರದವರೂ, ಅಲ್ಪಸ್ವಲ್ಪ ಬಲ್ಲವರೂ ಒಂದು ಪ್ರತಿರೋಧವನ್ನು ಹತ್ತಿರದಿಂದ ಓದುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ನನಗೆ ಉಪಯೋಗಕ್ಕೆ ಬಂದ ಕ್ರಮ ಸರಳವಾದುದು: ಘೋಷಣೆಗಳನ್ನು ಆಮೇಲೆ ನೋಡಿಕೊಳ್ಳಬಹುದು, ಮೊದಲು ಕಾಗದವನ್ನು ಹುಡುಕಬೇಕು, ಆ ಕಾಗದವನ್ನು ಬರೆದವರು ಯಾರು, ಅದು ನಮ್ಮ ಕೈಗೆ ಬರುವವರೆಗೆ ಉಳಿಸಿದವರು ಯಾರು ಎಂದು ಕೇಳಬೇಕು.

ಒಂದೇ ಘಟನೆಯನ್ನು ಆರಿಸಿಕೊಳ್ಳಿ

ಮೊದಮೊದಲು ನಾನು 1868ರಿಂದ 1978ರವರೆಗಿನ ಎಲ್ಲ ದಂಗೆ, ಮುಷ್ಕರ, ಮೆರವಣಿಗೆಗಳ ಇಸವಿಗಳನ್ನು ಒಂದು ಉದ್ದನೆಯ ಪಟ್ಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ. ಪಟ್ಟಿ ಬೆಳೆಯಿತೇ ಹೊರತು ತಿಳಿವಳಿಕೆ ಬೆಳೆಯಲಿಲ್ಲ. ಒಂದು ಕಣಿವೆಯ, ಒಂದು ಬಂದರಿನ, ಒಂದು ಕಾರ್ಖಾನೆಯ ಜಗಳವನ್ನು ಹಿಡಿದು ಎರಡು ಮೂರು ತಿಂಗಳು ಅದರಲ್ಲೇ ಉಳಿದರೆ, ಕಾಲಘಟ್ಟ ತಾನಾಗಿಯೇ ಅದರ ಸುತ್ತ ಮೂಡುತ್ತದೆ. ಮೊದಲ ಬಾರಿಗೆ ಓದುವವರಿಗೆ 1884ರ ಚಿಚಿಬು ದಂಗೆ, 1918ರ ಅಕ್ಕಿ ಗಲಭೆ, ಮಿನಾಮಾಟಾ ಊರಿನ ಪಾದರಸ ವಿಷದ ಪ್ರಕರಣ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಹೇಳುತ್ತೇನೆ. ಮೂರಕ್ಕೂ ದಾಖಲೆಗಳು ಹೇರಳವಾಗಿವೆ, ಮೂರರ ಮೇಲೂ ಜಪಾನೀ ವಿದ್ವಾಂಸರು ದಶಕಗಳ ಕಾಲ ವಾದ ಮಾಡಿದ್ದಾರೆ.

ಆರಿಸಿಕೊಂಡ ಮೇಲೆ ತಾರೀಖುಗಳ ಲೆಕ್ಕ ಸರಿಪಡಿಸಿಕೊಳ್ಳಬೇಕು. ಜಪಾನ್ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದದ್ದು 1873ರ ಜನವರಿ 1ರಂದು. ಅದಕ್ಕೆ ಹಿಂದಿನ ಕಾಗದಗಳಲ್ಲಿರುವುದು ಚಾಂದ್ರಮಾನದ ತಿಂಗಳು, ತಿಥಿಗಳು. ಆದ್ದರಿಂದ ಒಂದೇ ಘಟನೆಗೆ ಎರಡು ಪುಸ್ತಕಗಳು ಎರಡು ತಾರೀಖು ಕೊಟ್ಟಾಗ ಯಾರೋ ತಪ್ಪಿದ್ದಾರೆಂದು ಅವಸರಪಡಬಾರದು. ಚಕ್ರವರ್ತಿಗಳ ಆಳ್ವಿಕೆಯ ವರ್ಷಗಳನ್ನು ಇಸವಿಗೆ ಬದಲಿಸಿಕೊಳ್ಳುವುದು ಸುಲಭ: ಮೇಜಿ ವರ್ಷಕ್ಕೆ 1867, ತೈಶೋ ವರ್ಷಕ್ಕೆ 1911, ಶೋವಾ ವರ್ಷಕ್ಕೆ 1925 ಕೂಡಿಸಿದರೆ ಸಾಕು. ಹೆಸರುಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ ಎಂಬುದೂ ನೆನಪಿರಲಿ. ತನಾಕಾ ಶೋಜೋ ಎಂಬಲ್ಲಿ ತನಾಕಾ ಎಂಬುದು ಮನೆತನ.

ಹೆಸರಿಟ್ಟವರು ಯಾರು ಎಂದು ಕೇಳಿ

ಜಪಾನೀ ಭಾಷೆಯಲ್ಲಿ ಜಗಳಕ್ಕೆ ಹಲವು ಹೆಸರುಗಳಿವೆ. ಪ್ರತಿಯೊಂದು ಹೆಸರಿನ ಹಿಂದೆ ಒಂದು ತೀರ್ಪು ಅಡಗಿದೆ. ‘ಇಕ್ಕಿ’ ಎಂದರೆ ಮೂಲದಲ್ಲಿ ಒಂದೇ ಮನಸ್ಸಿನಿಂದ ಒಗ್ಗೂಡುವುದು. 1868ಕ್ಕೆ ಹಿಂದಿನ ತೊಕುಗಾವಾ ಶೋಗನ್‌ಗಳ ಕಾಲದ ರೈತ ದಂಗೆಗಳಿಗೆ ಈ ಹೆಸರು ನಿಂತಿತು. ‘ಸೋದೋ’ ಎಂದರೆ ಗದ್ದಲ, ‘ಬೋದೋ’ ಎಂದರೆ ಹಿಂಸೆಯ ಗಲಭೆ, ‘ಸೋಗಿ’ ಎಂದರೆ ಕಾರ್ಮಿಕರ ಅಥವಾ ಗೇಣಿದಾರರ ವಿವಾದ, ‘ತೋಸೋ’ ಎಂದರೆ ಹೋರಾಟ, ‘ಜಿಕೆನ್’ ಎಂದರೆ ಬರೀ ಪ್ರಕರಣ. ಚಿಚಿಬುವಿನ ರೈತರನ್ನು ಅಂದಿನ ಸರ್ಕಾರಿ ಕಾಗದಗಳು ಪುಂಡರ ಗುಂಪು ಎಂದು ಕರೆದವು. ಎಷ್ಟೋ ಕಾಲದ ನಂತರವಷ್ಟೇ ಅದು ‘ಚಿಚಿಬು ಜಿಕೆನ್’ ಆಯಿತು. ಓದುವಾಗ ಪುಟದ ಅಂಚಿನಲ್ಲಿ ಯಾವ ಲೇಖಕರು ಯಾವ ಪದ ಬಳಸಿದ್ದಾರೆಂದು ಗುರುತು ಹಾಕುತ್ತಾ ಹೋದರೆ, ಅರ್ಧ ವಾದ ಅಲ್ಲೇ ಬಯಲಾಗುತ್ತದೆ.

ಇಕ್ಕಿಯ ಒಂದು ಕಾಗದವನ್ನು ಕಣ್ಣಾರೆ ನೋಡಿದರೆ ಈ ವಿಷಯದ ಮರ್ಮ ತಿಳಿಯುತ್ತದೆ. ‘ಕರಕಸಾ ರೆಂಬನ್’ ಎಂಬ ಈ ಬಗೆಯ ಪತ್ರದಲ್ಲಿ ರೈತರು ತಮ್ಮ ಹೆಸರುಗಳನ್ನು ಮೇಲಿಂದ ಕೆಳಕ್ಕೆ ಬರೆಯದೆ, ಬಿಚ್ಚಿದ ಛತ್ರಿಯ ಕಡ್ಡಿಗಳಂತೆ ಒಂದು ನಡುಬಿಂದುವಿನ ಸುತ್ತ ವರ್ತುಲವಾಗಿ ಬರೆದಿರುತ್ತಾರೆ. ಮೊದಲ ಹೆಸರೂ ಇಲ್ಲ, ಕೊನೆಯ ಹೆಸರೂ ಇಲ್ಲ. ದೊರೆಗೆ ಮನವಿ ಕೊಟ್ಟ ತಪ್ಪಿಗೆ ಮುಂದಾಳುವಿನ ತಲೆ ಹೋಗುತ್ತಿದ್ದ ಕಾಲದಲ್ಲಿ, ಮುಂದಾಳು ಯಾರೆಂಬುದನ್ನೇ ಕಾಗದ ಮುಚ್ಚಿಟ್ಟಿತು. ಎಲ್ಲರೂ ಸಮಾನರಾಗಿ ಹೊಣೆ ಹೊತ್ತಿದ್ದೇವೆ ಎಂಬ ಮಾತೂ ಆ ಸುತ್ತಿನಲ್ಲೇ ಇತ್ತು. ನಾಯಕನನ್ನು ಹುಡುಕುವ ಆತುರದಲ್ಲಿ ಚರಿತ್ರೆಕಾರರೂ ಪೊಲೀಸರಂತೆಯೇ ವರ್ತಿಸುವುದುಂಟು ಎಂದು ಈ ಪತ್ರವನ್ನು ನೋಡಿದಾಗಲೆಲ್ಲ ನನಗೆ ಅನಿಸುತ್ತದೆ.

ಬೇಡಿಕೆಯ ಪಟ್ಟಿಯನ್ನು ಅಕ್ಷರಶಃ ಓದಿ

1881ರಲ್ಲಿ ಹಣಕಾಸು ಸಚಿವರಾದ ಮತ್ಸುಕತಾ ಮಸಯೋಶಿ ಚಲಾವಣೆಯಲ್ಲಿದ್ದ ಕಾಗದದ ಹಣವನ್ನು ಹಿಂದಕ್ಕೆಳೆದರು, ಬೆಲೆಗಳು ಕುಸಿದವು. ಟೋಕಿಯೋದ ವಾಯುವ್ಯಕ್ಕಿರುವ ಚಿಚಿಬು ಬೆಟ್ಟಗಳ ರೈತರು ರೇಷ್ಮೆಯನ್ನು ನಂಬಿ ಬದುಕುತ್ತಿದ್ದವರು. ನೂಲಿನ ಬೆಲೆ ಬಿದ್ದರೂ ತೆರಿಗೆ ಮತ್ತು ಬಡ್ಡಿ ಬೀಳಲಿಲ್ಲ. 1884ರ ನವೆಂಬರ್ 1ರಂದು ಅವರು ಮುಕು ದೇವಸ್ಥಾನದಲ್ಲಿ ಸೇರಿ, ತಮ್ಮನ್ನು ‘ಬಡವರ ಪಕ್ಷ’ ಎಂದು ಕರೆದುಕೊಂಡು, ತಾಶಿರೊ ಏಸುಕೆಯ ಮುಂದಾಳತ್ವದಲ್ಲಿ ಹೊರಟರು.

ಅವರ ಬೇಡಿಕೆಗಳನ್ನು ನೋಡಿ: ಸಾಲದ ವಸೂಲಿಯನ್ನು 10 ವರ್ಷ ತಡೆಹಿಡಿದು, ನಂತರ 40 ವರ್ಷಗಳ ಕಂತುಗಳಲ್ಲಿ ತೀರಿಸಲು ಅವಕಾಶ ಕೊಡಬೇಕು, ಶಾಲೆಯ ಖರ್ಚು ಉಳಿಸಲು 3 ವರ್ಷ ಶಾಲೆ ಮುಚ್ಚಬೇಕು, ಸಣ್ಣಪುಟ್ಟ ತೆರಿಗೆಗಳನ್ನೂ ಹಳ್ಳಿಯ ವಂತಿಗೆಯನ್ನೂ ಇಳಿಸಬೇಕು. ಈ ಪಟ್ಟಿಯಲ್ಲಿ ಸಂವಿಧಾನದ ಮಾತಿಲ್ಲ. ಸಂವಿಧಾನ, ಸಂಸತ್ತು ಬೇಕೆಂದು ಕೇಳುತ್ತಿದ್ದ ಪ್ರಜಾಹಕ್ಕು ಚಳವಳಿಯ ಸ್ವಾತಂತ್ರ್ಯ ಪಕ್ಷದ ಸದಸ್ಯರು ದಂಗೆಯ ಮುಂಚೂಣಿಯಲ್ಲಿದ್ದದ್ದು ನಿಜವಾದರೂ, ಇದನ್ನು ಪ್ರಜಾಪ್ರಭುತ್ವದ ಕ್ರಾಂತಿ ಎನ್ನುವವರೂ ಹಳೆಯ ರೈತ ದಂಗೆಯ ಕೊನೆಯ ಅಲೆ ಎನ್ನುವವರೂ ಮೊದಲು ಈ ಪಟ್ಟಿಗೆ ಉತ್ತರ ಕೊಡಬೇಕಾಗುತ್ತದೆ. ಸಾಲ ರದ್ದು ಮಾಡಿ ಎಂದು ಅವರು ಕೇಳಲಿಲ್ಲ, ತೀರಿಸಲು ಸಮಯ ಕೇಳಿದರು ಎಂಬುದು ನನ್ನ ಮಟ್ಟಿಗೆ ಈ ಇಡೀ ದಂಗೆಯ ಅತ್ಯಂತ ಮುಖ್ಯವಾದ ಸಂಗತಿ.

ಬೇಡಿಕೆಯ ಜೊತೆಗೆ, ದಂಗೆಯವರು ತಮಗೆ ತಾವೇ ವಿಧಿಸಿಕೊಂಡ ನಿಯಮಗಳೂ ಇದ್ದರೆ ಬಿಡಬಾರದು. ಚಿಚಿಬುವಿನ ಪಡೆಗೆ ಐದು ಅಂಶಗಳ ಶಿಸ್ತುಸಂಹಿತೆ ಇತ್ತು: ಹಣವನ್ನು ಸ್ವಂತಕ್ಕೆ ದೋಚುವುದು, ಹೆಂಗಸರ ಮೇಲೆ ಕೈಮಾಡುವುದು, ಕುಡಿಯುವುದು, ಸ್ವಂತ ದ್ವೇಷಕ್ಕೆ ಮನೆಗೆ ಬೆಂಕಿ ಹಾಕುವುದು, ಆಜ್ಞೆ ಮೀರುವುದು. ಇವಕ್ಕೆ ಶಿಕ್ಷೆ ಶಿರಚ್ಛೇದ. ಬಡ್ಡಿ ವ್ಯಾಪಾರಿಗಳ ಮನೆಯಲ್ಲಿ ಅವರು ಸುಟ್ಟದ್ದು ಹೆಚ್ಚಾಗಿ ಸಾಲಪತ್ರಗಳನ್ನು. ಕೆಲವೇ ದಿನಗಳಲ್ಲಿ ಪೊಲೀಸರೂ ಸೈನ್ಯವೂ ಸೇರಿ ಇದನ್ನು ಅಡಗಿಸಿದವು, ತಾಶಿರೊಗೆ ಗಲ್ಲಾಯಿತು.

ಬೆಲೆ, ತಿಂಗಳು, ಜಾಗ

ಬೇಡಿಕೆಯ ಕಾಗದವೇ ಇಲ್ಲದ ಘಟನೆಗಳೂ ಉಂಟು. ಆಗ ಬೆಲೆಯನ್ನೂ ತಿಂಗಳನ್ನೂ ಹಿಡಿಯಬೇಕು. 1918ರ ಜುಲೈ ಕೊನೆಯಲ್ಲಿ, ಜಪಾನ್ ಸಮುದ್ರದ ತೀರದ ತೊಯಾಮಾ ಪ್ರಾಂತದ ಉಓಜು ಬಂದರಿನಲ್ಲಿ, ಹೊಕ್ಕೈಡೊಗೆ ಹೊರಟಿದ್ದ ಹಡಗಿಗೆ ಅಕ್ಕಿ ತುಂಬುವುದನ್ನು ತಡೆಯಲು ಮೀನುಗಾರರ ಮನೆಯ ಹೆಂಗಸರು ದಡದಲ್ಲಿ ನೆರೆದರು. ಗಂಡಸರಲ್ಲಿ ಅನೇಕರು ಉತ್ತರದ ಸಮುದ್ರಗಳಿಗೆ ಮೀನು ಹಿಡಿಯಲು ಹೋಗಿದ್ದ ತಿಂಗಳು ಅದು. ಹಳೆಯ ಬೆಳೆ ಮುಗಿಯುತ್ತ ಬಂದು ಹೊಸದು ಇನ್ನೂ ಗದ್ದೆಯಲ್ಲಿದ್ದ ತಿಂಗಳೂ ಹೌದು. ಯುದ್ಧಕಾಲದ ಲಾಭಕೋರತನದಿಂದ ಅಕ್ಕಿಯ ದರ ವರ್ಷದೊಳಗೆ ಎರಡು ಪಟ್ಟಿಗೂ ಮೀರಿ ಏರಿತ್ತು. ಸೈಬೀರಿಯಾಕ್ಕೆ ಸೈನ್ಯ ಹೊರಡುತ್ತದೆ ಎಂಬ ಸುದ್ದಿ ಬಂದಂತೆ ವ್ಯಾಪಾರಿಗಳು ಅಕ್ಕಿ ಕೂಡಿಡತೊಡಗಿದರು. ಬಂದರಿನಲ್ಲಿ ಅಕ್ಕಿ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ಕೂಲಿ ಮಾಡುತ್ತಿದ್ದವರಲ್ಲಿ ಇಂತಹ ಹೆಂಗಸರೇ ಹೆಚ್ಚು. ಬೆಳಿಗ್ಗೆ ತಾವೇ ಹೊತ್ತ ಅಕ್ಕಿಯನ್ನು ಸಂಜೆ ಕೊಳ್ಳಲಾಗದವರು ಅವರು.

ಪತ್ರಿಕೆಗಳು ಈ ಸುದ್ದಿಯನ್ನು ದೇಶಕ್ಕೆಲ್ಲ ಒಯ್ದವು. ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಕ್ಯೋಟೊ, ನಗೋಯಾ, ಒಸಾಕಾ, ಕೋಬೆ ಹೊತ್ತಿಕೊಂಡವು. ಕೋಬೆಯಲ್ಲಿ ಸುಜುಕಿ ಶೋತೆನ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯ ಮುಖ್ಯ ಕಚೇರಿಯನ್ನೇ ಜನ ಸುಟ್ಟರು. ಸರ್ಕಾರ ಸೈನ್ಯವನ್ನು ನೂರಕ್ಕೂ ಹೆಚ್ಚು ಕಡೆಗಳಿಗೆ ಕಳಿಸಿತು, ಆಗಸ್ಟ್ 14ರಂದು ಗಲಭೆಯ ಸುದ್ದಿ ಅಚ್ಚುಮಾಡುವುದನ್ನು ನಿಷೇಧಿಸಿತು. ಸೆಪ್ಟೆಂಬರ್‌ನಲ್ಲಿ ತೆರಾಉಚಿ ಸಂಪುಟ ರಾಜೀನಾಮೆ ಕೊಟ್ಟು, ಹಾರಾ ತಕಾಶಿ ಪ್ರಧಾನಿಯಾದರು.

ಇಲ್ಲಿ ಓದುಗರು ಮಾಡಬೇಕಾದ ಒಂದು ಕೆಲಸವಿದೆ: ನಕ್ಷೆಯೊಂದನ್ನು ತೆಗೆದುಕೊಂಡು, ಪ್ರತಿ ಊರಿನ ಪಕ್ಕ ಗಲಭೆಯ ತಾರೀಖನ್ನು ಬರೆಯಿರಿ. ಗಲಭೆ ಹಳ್ಳಿಯಿಂದ ಹಳ್ಳಿಗೆ ಹರಿಯದೆ, ಪತ್ರಿಕೆಯ ವೇಗದಲ್ಲಿ ತೊಯಾಮಾದಿಂದ ನಗರಗಳಿಗೆ ಜಿಗಿದದ್ದು ಕಾಣುತ್ತದೆ. ಆಗ ಪತ್ರಿಕೆಗಳ ಮೇಲಿನ ನಿಷೇಧ ಏಕೆ ಬಂತೆಂಬುದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಅಳತೆಗಳೂ ಗೊತ್ತಿರಬೇಕು: ಒಂದು ‘ಕೊಕು’ ಎಂದರೆ ಸುಮಾರು 180 ಲೀಟರ್, ಒಂದು ‘ಶೋ’ ಎಂದರೆ ಸುಮಾರು 1.8 ಲೀಟರ್. ಸಗಟು ದರ ಕೊಕುವಿನ ಲೆಕ್ಕದಲ್ಲಿಯೂ ಅಂಗಡಿಯ ದರ ಶೋವಿನ ಲೆಕ್ಕದಲ್ಲಿಯೂ ಬರುವುದರಿಂದ, ಎರಡನ್ನೂ ಬೆರೆಸಿದವರು ಬೇಸ್ತು ಬೀಳುತ್ತಾರೆ.

ಸುಟ್ಟದ್ದು ಏನು, ಮುಟ್ಟದೆ ಬಿಟ್ಟದ್ದು ಏನು

ಗುಂಪು ತನ್ನ ಮನಸ್ಸಿನಲ್ಲಿದ್ದುದನ್ನು ಬರೆದಿಡುವುದಿಲ್ಲ. ಆದರೆ ಅದು ಮುರಿದ ವಸ್ತುಗಳ ಪಟ್ಟಿ ಉಳಿಯುತ್ತದೆ. ರಷ್ಯಾದ ಮೇಲೆ ಗೆದ್ದರೂ ಪೋರ್ಟ್ಸ್‌ಮತ್ ಒಪ್ಪಂದದಲ್ಲಿ ಯುದ್ಧ ಪರಿಹಾರದ ಹಣ ಸಿಗಲಿಲ್ಲವೆಂದು ಸಿಟ್ಟಿಗೆದ್ದ ಜನ 1905ರ ಸೆಪ್ಟೆಂಬರ್ 5ರಂದು ಟೋಕಿಯೋದ ಹಿಬಿಯಾ ಉದ್ಯಾನದಲ್ಲಿ ಸೇರಿದಾಗ, ಪೊಲೀಸರು ಸಭೆಯನ್ನು ತಡೆದರು. ಗೃಹಸಚಿವರ ನಿವಾಸ, ಸರ್ಕಾರವನ್ನು ಬೆಂಬಲಿಸಿದ್ದ ಪತ್ರಿಕೆಯ ಕಚೇರಿ, ನಗರದ ಬಹುಪಾಲು ಪೊಲೀಸ್ ಚೌಕಿಗಳು, ಟ್ರಾಮ್ ಗಾಡಿಗಳು ದಾಳಿಗೆ ಗುರಿಯಾದವು. 17 ಮಂದಿ ಸತ್ತರು. ಮರುದಿನ ಸೈನಿಕ ಕಾನೂನು ಜಾರಿಯಾಯಿತು. ಒಪ್ಪಂದದ ಮೇಲಿನ ಸಿಟ್ಟಿಗೂ ಟ್ರಾಮ್ ಗಾಡಿಗೂ ಏನು ಸಂಬಂಧ ಎಂಬ ಪ್ರಶ್ನೆ ಏಳಬೇಕು. ಯುದ್ಧಕ್ಕೆ ತೆರಿಗೆ ಕೊಟ್ಟವರೂ ಮಕ್ಕಳನ್ನು ಕಳಿಸಿದವರೂ ಓಟಿಲ್ಲದ ನಗರದ ಬಡವರೇ. ಅವರು ದಿನವೂ ಎದುರಿಸುತ್ತಿದ್ದ ಸರ್ಕಾರವೆಂದರೆ ಬೀದಿ ಮೂಲೆಯ ಪೊಲೀಸನೇ.

ಈ ಜನ ಕೇಳುತ್ತಿದ್ದದ್ದು ಯುದ್ಧ ಮುಂದುವರಿಯಲಿ ಎಂದು. ಭಿನ್ನಮತವೆಂದರೆ ಯಾವಾಗಲೂ ಶಾಂತಿಯ, ಸಮಾನತೆಯ ಪರ ಎಂದು ಊಹಿಸಿಕೊಂಡು ಹೊರಟವರಿಗೆ ಜಪಾನಿನ ಚರಿತ್ರೆ ಮತ್ತೆ ಮತ್ತೆ ಎದುರೇಟು ಕೊಡುತ್ತದೆ. 1873ರಲ್ಲಿ ಕಡ್ಡಾಯ ಸೈನಿಕ ಸೇವೆಯ ವಿರುದ್ಧ ಎದ್ದ ‘ರಕ್ತ ತೆರಿಗೆ’ ದಂಗೆಗಳನ್ನೇ ತೆಗೆದುಕೊಳ್ಳಿ. ಸರ್ಕಾರದ ಘೋಷಣೆಯಲ್ಲಿದ್ದ ‘ರಕ್ತ ತೆರಿಗೆ’ ಎಂಬ ಪದವನ್ನು ಕೆಲವೆಡೆ ಜನ ನಿಜವಾಗಿಯೂ ರಕ್ತ ಹಿಂಡುತ್ತಾರೆಂದು ತಿಳಿದರು ಎಂಬ ಕಥೆಯನ್ನು ಎಲ್ಲರೂ ನಗುತ್ತ ಹೇಳುತ್ತಾರೆ. ಆದರೆ ಮಿಮಸಕಾ ಪ್ರದೇಶದ ಅದೇ ದಂಗೆಕೋರರು, 1871ರ ಆಜ್ಞೆಯಿಂದ ಕಾನೂನಿನ ಪ್ರಕಾರ ಸಮಾನರಾಗಿದ್ದ ಅಸ್ಪೃಶ್ಯ ಸಮುದಾಯದ ಹಳ್ಳಿಗಳಿಗೆ ನುಗ್ಗಿ ಜನರನ್ನು ಕೊಂದರು. ಆ ಸಮುದಾಯದವರು ತಮ್ಮದೇ ಸಂಘಟನೆಯಾದ ಸುಯಿಹೇಶಾವನ್ನು ಕ್ಯೋಟೊದಲ್ಲಿ ಕಟ್ಟಿಕೊಂಡದ್ದು 1922ರ ಮಾರ್ಚ್ 3ರಂದು. ಮರುವರ್ಷ, 1923ರ ಸೆಪ್ಟೆಂಬರ್ 1ರಂದು ಟೋಕಿಯೋ ಪ್ರದೇಶದಲ್ಲಿ ಆದ ಮಹಾಭೂಕಂಪದ ನಂತರ, ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಗಾಳಿಸುದ್ದಿಯನ್ನು ನಂಬಿ ಸಾಮಾನ್ಯ ಜನರ ಕಾವಲು ಪಡೆಗಳು ಕೊರಿಯನ್ನರನ್ನು ಕೊಂದವು, ಪೊಲೀಸರು ಮತ್ತು ಸೈನಿಕರೂ ಅದರಲ್ಲಿ ಕೈಜೋಡಿಸಿದರು. ಅದೇ ಗೊಂದಲದಲ್ಲಿ ಅರಾಜಕವಾದಿ ಓಸುಗಿ ಸಕಾಯೆ, ಇತೋ ನೋಯೆ ಮತ್ತು ಒಬ್ಬ ಆರು ವರ್ಷದ ಹುಡುಗನನ್ನು ಸೈನಿಕ ಪೊಲೀಸರು ಕೊಂದರು. ಗುಂಪನ್ನು ಜನತೆ ಎಂದು ಕರೆಯುವ ಮೊದಲು ಅದರ ಕೈಯಲ್ಲಿ ಸತ್ತವರ ಹೆಸರುಗಳನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಬೇಕು.

ಕಾನೂನಿನ ಪಠ್ಯವನ್ನು ಪಕ್ಕದಲ್ಲಿಟ್ಟುಕೊಳ್ಳಿ

ಯಾವ ಇಸವಿಯಲ್ಲಿ ಏನು ಅಪರಾಧವಾಗಿತ್ತು ಎಂದು ತಿಳಿಯದೆ ಧೈರ್ಯದ ಅಳತೆ ಸಿಗದು. 1900ರ ಸಾರ್ವಜನಿಕ ಶಾಂತಿ ಪೊಲೀಸ್ ಕಾಯಿದೆಯ 17ನೆಯ ವಿಧಿ ಮುಷ್ಕರಕ್ಕೆ ಪ್ರಚೋದಿಸುವುದನ್ನು ಶಿಕ್ಷಾರ್ಹ ಮಾಡಿತ್ತು. 5ನೆಯ ವಿಧಿ ಹೆಂಗಸರು ರಾಜಕೀಯ ಸಭೆಗೆ ಹೋಗುವುದನ್ನೂ ಪಕ್ಷ ಸೇರುವುದನ್ನೂ ನಿಷೇಧಿಸಿತ್ತು. ಹೆಂಗಸರ ಹಕ್ಕಿಗಾಗಿ ದುಡಿದ ಹಿರಾತ್ಸುಕಾ ರೈಚೋ, ಇಚಿಕಾವಾ ಫುಸಾಯೆ ಮೊದಲಾದವರ ಒತ್ತಾಯದಿಂದ ಸಭೆಯ ಮೇಲಿನ ನಿಷೇಧ ಹೋದದ್ದು 1922ರಲ್ಲಿ. ಅಂದರೆ, 1918ರಲ್ಲಿ ಒಂದು ಸಂಪುಟವನ್ನೇ ಉರುಳಿಸಿದ ಗಲಭೆಗೆ ಕಿಡಿ ಹೊತ್ತಿಸಿದ ತೊಯಾಮಾದ ಹೆಂಗಸರಿಗೆ ಒಂದು ರಾಜಕೀಯ ಭಾಷಣ ಕೇಳಲು ಕೂರುವ ಹಕ್ಕಿರಲಿಲ್ಲ. ಎರಡು ಕಾಗದಗಳನ್ನು ಅಕ್ಕಪಕ್ಕ ಇಡದಿದ್ದರೆ ಈ ಮಾತು ಹೊಳೆಯುವುದೇ ಇಲ್ಲ. 1925ರಲ್ಲಿಯೂ ಹೀಗೆಯೇ: 25 ವರ್ಷ ದಾಟಿದ ಗಂಡಸರಿಗೆ ಓಟು ಕೊಟ್ಟ ಕಾನೂನೂ, ರಾಜ್ಯದ ಸ್ವರೂಪವನ್ನೋ ಖಾಸಗಿ ಆಸ್ತಿಯನ್ನೋ ಪ್ರಶ್ನಿಸುವ ಸಂಘಟನೆಗಳನ್ನು ಅಪರಾಧವಾಗಿಸಿದ ಶಾಂತಿ ಪಾಲನಾ ಕಾಯಿದೆಯೂ ಒಂದೇ ವಸಂತದಲ್ಲಿ ಬಂದವು. 1928ರಲ್ಲಿ ಎರಡನೆಯದಕ್ಕೆ ಮರಣದಂಡನೆ ಸೇರಿತು, ಸಂಸತ್ತಿನ ಒಪ್ಪಿಗೆ ಕಾಯದೆ ಚಕ್ರವರ್ತಿಯ ತುರ್ತು ಆಜ್ಞೆಯ ಮೂಲಕ.

ಈ ಕಾಲದ ಭಿನ್ನಮತದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಪೊಲೀಸರ ಕೈಬರಹ. ‘ತೊಕ್ಕೋ’ ಎಂಬ ವಿಶೇಷ ಪೊಲೀಸ್ ವಿಭಾಗದ ಮಾಸಿಕ ವರದಿಗಳಲ್ಲಿ ಯುದ್ಧಕಾಲದ ಗೋಡೆಬರಹಗಳು, ಸಹಿ ಇಲ್ಲದ ಪತ್ರಗಳು, ಯಾರೋ ಆಡಿದ ಗೊಣಗಾಟದ ಮಾತುಗಳು ಜಾಗ ಸಮೇತ ದಾಖಲಾಗಿವೆ. ಆ ದನಿಗಳನ್ನು ಅಡಗಿಸಲು ಹೊರಟವರೇ ಅವನ್ನು ನಮಗಾಗಿ ಕಾಪಿಟ್ಟರು. ಇಂತಹ ಕಾಗದವನ್ನು ಬಳಸುವಾಗ ಮೂರು ಪ್ರಶ್ನೆಗಳು ಸದಾ ಕೈಯಲ್ಲಿರಲಿ: ಇದನ್ನು ಬರೆದ ಅಧಿಕಾರಿಗೆ ಹೆಚ್ಚು ಅಪರಾಧ ಕಂಡರೆ ಲಾಭವಿತ್ತೇ? ಹೇಳಿಕೆ ಕೊಟ್ಟವನು ಬಂಧನದಲ್ಲಿದ್ದನೇ? ಅದೇ ಮಾತು ಪೊಲೀಸರದಲ್ಲದ ಬೇರೊಂದು ಕಾಗದದಲ್ಲಿ ಸಿಗುತ್ತದೆಯೇ?

1910ರ ರಾಜದ್ರೋಹ ಪ್ರಕರಣ ಇದಕ್ಕೆ ಕಠಿಣ ಪರೀಕ್ಷೆ. ಚಕ್ರವರ್ತಿಯ ಹತ್ಯೆಗೆ ಸಂಚು ಮಾಡಿದರೆಂದು ಮುಚ್ಚಿದ ಬಾಗಿಲ ಹಿಂದೆ, ಸಾಕ್ಷಿಗಳನ್ನೇ ಕರೆಯದೆ ವಿಚಾರಣೆ ನಡೆಸಿ 24 ಮಂದಿಗೆ ಮರಣದಂಡನೆ ವಿಧಿಸಲಾಯಿತು. ಮರುದಿನವೇ 12 ಮಂದಿಯ ಶಿಕ್ಷೆ ಜೀವಾವಧಿಗೆ ಇಳಿಯಿತು. ಅರಾಜಕವಾದಿಗಳಾದ ಕೊತೊಕು ಶೂಸುಯಿ, ಕನ್ನೋ ಸುಗಾಕೊ ಸೇರಿ ಉಳಿದ 12 ಮಂದಿ 1911ರ ಜನವರಿಯಲ್ಲಿ ಗಲ್ಲಿಗೇರಿದರು. ಬಾಂಬು ಮಾಡಲು ಹೊರಟವರು ಬೆರಳೆಣಿಕೆಯಷ್ಟು. ಉಳಿದವರನ್ನು ಅದಕ್ಕೆ ಹೊಲಿದದ್ದು ವಿಚಾರಣಾಧಿಕಾರಿಗಳ ದಾಖಲೆ. 1933ರಲ್ಲಿ ಆರಂಭವಾದ ‘ತೆಂಕೋ’ ಅಥವಾ ಮನಃಪರಿವರ್ತನೆಯ ಹೇಳಿಕೆಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಜೈಲಿನಿಂದ ಕಮ್ಯುನಿಸ್ಟ್ ನಾಯಕರಿಬ್ಬರು ತಮ್ಮ ನಂಬಿಕೆಯನ್ನು ತೊರೆದು ಬರೆದದ್ದೇ ತಡ, ನೂರಾರು ಮಂದಿ ಹಿಂಬಾಲಿಸಿದರು. ಅವರಲ್ಲಿ ಮನಸ್ಸು ನಿಜಕ್ಕೂ ಬದಲಾದವರು ಯಾರು, ಮನೆಗೆ ಮರಳಲು ಬರೆದವರು ಯಾರು ಎಂಬುದನ್ನು ಕಾಗದ ಒಂದೇ ಹೇಳಲಾರದು.

ಕಾಗದದಲ್ಲಿ ಬಿಟ್ಟುಹೋದ ಜಾಗವೂ ಸಾಕ್ಷಿಯೇ. 1940ರ ಫೆಬ್ರವರಿ 2ರಂದು ಸೈತೋ ತಕಾಓ ಎಂಬ ಸಂಸದರು ಚೀನಾದ ಯುದ್ಧದ ಗುರಿಯೇನೆಂದು ಕೆಳಮನೆಯಲ್ಲಿ ಕೇಳಿದರು. ಭಾಷಣದ ಹೆಚ್ಚಿನ ಭಾಗವನ್ನು ನಡಾವಳಿಯಿಂದ ಅಳಿಸಿ, ಮಾರ್ಚ್‌ನಲ್ಲಿ ಅವರನ್ನು ಸದನದಿಂದ ಹೊರಹಾಕಲಾಯಿತು. 1942ರ ಚುನಾವಣೆಯಲ್ಲಿ ಸರ್ಕಾರದ ಶಿಫಾರಸಿಲ್ಲದೆ ನಿಂತ ಅವರನ್ನು ಮತದಾರರು ಮತ್ತೆ ಗೆಲ್ಲಿಸಿ ಕಳಿಸಿದರು.

ಊರಿನೊಳಗಿನ ಬಿರುಕು

ಇದು ಎಲ್ಲಕ್ಕಿಂತ ಕಷ್ಟದ ಹಂತ. ಹೆಚ್ಚು ಹೊತ್ತು ಇಲ್ಲೇ ನಿಲ್ಲಬೇಕು. ಜನ ಒಂದು ಕಡೆ, ಪ್ರಭುತ್ವ ಇನ್ನೊಂದು ಕಡೆ ಎಂದು ಗೆರೆ ಎಳೆದರೆ ಜಪಾನಿನ ಯುದ್ಧೋತ್ತರ ಸಂಘರ್ಷಗಳಲ್ಲಿ ಒಂದೂ ಅರ್ಥವಾಗುವುದಿಲ್ಲ. ಕ್ಯೂಶುವಿನ ಮಿಯಿಕೆ ಕಲ್ಲಿದ್ದಲು ಗಣಿಯಲ್ಲಿ 1,278 ಮಂದಿಯನ್ನು ವಜಾ ಮಾಡಿದ್ದರ ವಿರುದ್ಧ 1960ರಲ್ಲಿ ನಡೆದ ಮುಷ್ಕರ ಮಾರ್ಚ್‌ನಲ್ಲಿ ಎರಡನೆಯ ಸಂಘ ಹುಟ್ಟಿದೊಡನೆ ಒಳಗಿನಿಂದಲೇ ಒಡೆಯಿತು. ಕಂಪನಿಯ ವಸತಿ ಸಾಲುಗಳಲ್ಲಿ ಒಂದೇ ಗೋಡೆಯ ಆಚೀಚೆ ಇದ್ದವರು ಮಾತು ಬಿಟ್ಟರು.

ಮಿನಾಮಾಟಾದಲ್ಲಿ ಈ ಬಿರುಕು ಇನ್ನೂ ಆಳ. ಚಿಸ್ಸೊ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ನೀರಿನಲ್ಲಿದ್ದ ಪಾದರಸದಿಂದ ಬಂದ ಕಾಯಿಲೆಯನ್ನು ಅಧಿಕೃತವಾಗಿ ಗುರುತಿಸಿದ್ದು 1956ರ ಮೇ 1ರಂದು. 1959ರ ನವೆಂಬರ್‌ನಲ್ಲಿ ಮೀನುಗಾರರು ಕಾರ್ಖಾನೆಗೆ ನುಗ್ಗಿದರು. ಅದೇ ತಿಂಗಳು ನಗರಾಧ್ಯಕ್ಷರು, ವಾಣಿಜ್ಯ ಮಂಡಳಿ, ಕಾರ್ಖಾನೆಯ ಕಾರ್ಮಿಕ ಸಂಘ ಮೊದಲಾದವರ ನಿಯೋಗವೊಂದು ಪ್ರಾಂತಾಧಿಕಾರಿಯ ಬಳಿಗೆ ಹೋಗಿ, ಕಾರ್ಖಾನೆಯ ನೀರನ್ನು ನಿಲ್ಲಿಸಬೇಡಿ ಎಂದು ಬೇಡಿಕೊಂಡಿತು. ಊರಿನ ಅನ್ನ ಆ ಕಾರ್ಖಾನೆಯಿಂದ ಬರುತ್ತಿತ್ತು. ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಹಾಜಿಮೆ ಅಷ್ಟರಲ್ಲೇ ಆ ನೀರನ್ನು ಬೆಕ್ಕೊಂದರ ಆಹಾರದಲ್ಲಿ ಬೆರೆಸಿ ಅದಕ್ಕೂ ಅದೇ ಕಾಯಿಲೆ ಬಂದದ್ದನ್ನು ಕಂಡಿದ್ದರು, ಕಂಪನಿ ಅದನ್ನು ಹೊರಗೆ ಬಿಡಲಿಲ್ಲ. ಡಿಸೆಂಬರ್ 30ರಂದು ರೋಗಿಗಳ ಕುಟುಂಬಗಳು ‘ಸಾಂತ್ವನ ಹಣ’ದ ಒಪ್ಪಂದಕ್ಕೆ ಸಹಿ ಹಾಕಿದವು. ಸತ್ತವರಿಗೆ 3,00,000 ಯೆನ್. ಮುಂದೆ ಕಾಯಿಲೆಗೆ ಕಾರ್ಖಾನೆಯ ನೀರೇ ಕಾರಣವೆಂದು ತೀರ್ಮಾನವಾದರೂ ಹೊಸದಾಗಿ ಪರಿಹಾರ ಕೇಳುವಂತಿಲ್ಲ ಎಂಬ ಷರತ್ತು ಅದರಲ್ಲಿತ್ತು. ಆ ವಾಕ್ಯವನ್ನು ನಿಧಾನವಾಗಿ ಎರಡು ಸಲ ಓದಬೇಕು: ಬೆಕ್ಕಿನ ಫಲಿತಾಂಶ ಗೊತ್ತಿದ್ದ ಕಂಪನಿ ಈ ‘ಮುಂದೆ ತೀರ್ಮಾನವಾದರೂ’ ಎಂಬ ಮಾತನ್ನು ಬರೆಸಿತು. 1973ರ ಮಾರ್ಚ್ 20ರಂದು ಕುಮಾಮೊತೊ ಜಿಲ್ಲಾ ನ್ಯಾಯಾಲಯ ಅದನ್ನು ಲೋಕನೀತಿಗೆ ವಿರುದ್ಧವೆಂದು ಅಸಿಂಧುಗೊಳಿಸಿತು.

ಈ ನಡುವೆ ಇನ್ನೊಂದು ಕಾಗದವಿದೆ. 1962ರ ದೀರ್ಘ ಮುಷ್ಕರದಲ್ಲಿ ಚಿಸ್ಸೊದ ಸಂಘವೂ ಎರಡಾಗಿ ಒಡೆದು, ಹಳೆಯ ಸಂಘದವರು ಕಂಪನಿಯ ಕಿರುಕುಳವನ್ನು ತಾವೇ ಉಂಡರು. 1968ರ ಆಗಸ್ಟ್‌ನಲ್ಲಿ ಅವರು ಒಂದು ನಿರ್ಣಯ ಮಾಡಿ, ಇಷ್ಟು ವರ್ಷ ಮಿನಾಮಾಟಾ ಕಾಯಿಲೆಯ ವಿರುದ್ಧ ಏನೂ ಮಾಡದಿದ್ದುದು ಮನುಷ್ಯರಾಗಿ, ಕಾರ್ಮಿಕರಾಗಿ ತಮಗೆ ನಾಚಿಕೆಯ ವಿಷಯ ಎಂದು ಒಪ್ಪಿಕೊಂಡರು. ಜಪಾನಿನಲ್ಲಿ ಇದನ್ನು ‘ನಾಚಿಕೆಯ ಘೋಷಣೆ’ ಎನ್ನುತ್ತಾರೆ. 1959ರ ಮನವಿಯನ್ನೂ 1968ರ ಈ ನಿರ್ಣಯವನ್ನೂ ಒಟ್ಟಿಗೆ ಓದಿದವರಿಗೆ ಸಾಮಾಜಿಕ ಸಂಘರ್ಷ ಎಂಬ ಪದ ಒಂದು ಊರಿನ ಮೈಮೇಲೆ ಹೇಗೆ ಬೀಳುತ್ತದೆ ಎಂಬುದು ತಿಳಿಯುತ್ತದೆ.

ಮೆರವಣಿಗೆಯಲ್ಲಿ ಸೇರಿದ ಜನರ ಲೆಕ್ಕದ ಬಗ್ಗೆ ಒಂದು ಮಾತು. ಅಮೆರಿಕದೊಂದಿಗಿನ ಭದ್ರತಾ ಒಪ್ಪಂದದ ವಿರುದ್ಧ 1960ರ ಜೂನ್‌ನಲ್ಲಿ ಸಂಸತ್ ಭವನವನ್ನು ಸುತ್ತುವರಿದವರು ಸಂಘಟಕರ ಪ್ರಕಾರ 3,30,000, ಪೊಲೀಸರ ಪ್ರಕಾರ 1,30,000. ಎರಡರ ಸರಾಸರಿ ತೆಗೆಯುವುದು ಮೂರ್ಖತನ. ಎರಡನ್ನೂ ಹೆಸರು ಸಮೇತ ಬರೆಯಬೇಕು. ಅಂದಿನ ಪ್ರಧಾನಿ ಕಿಶಿ ತಾನು ‘ದನಿಯಿಲ್ಲದವರ ದನಿ’ಗೆ ಕಿವಿಗೊಡುತ್ತೇನೆ ಎಂದಾಗ, ಅದೇ ಹೆಸರಿನ ಬಟ್ಟೆಯ ಫಲಕ ಹಿಡಿದು ಇಬ್ಬರು ಬೀದಿಯಲ್ಲಿ ನಡೆಯಲಾರಂಭಿಸಿದರು, ದಾರಿಹೋಕರು ಸೇರುತ್ತ ಸೇರುತ್ತ ಅದು ನೂರಾರು ಜನರ ಸಾಲಾಯಿತು. ದೊಡ್ಡ ಸಂಖ್ಯೆಗಳಿಗಿಂತ ಈ ಇಬ್ಬರು ನನಗೆ ಹೆಚ್ಚು ತಿಳಿಸುತ್ತಾರೆ.

ಕಾಗದಗಳು ಸಿಗುವ ಕಡೆ

ಜಪಾನಿನ ರಾಷ್ಟ್ರೀಯ ಪತ್ರಾಗಾರದ ಅಂಗವಾದ ಏಷ್ಯಾ ಐತಿಹಾಸಿಕ ದಾಖಲೆಗಳ ಕೇಂದ್ರ 2001ರಿಂದ ಸರ್ಕಾರಿ ಕಡತಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುತ್ತಿದೆ. ಹೊಸೇಯ್ ವಿಶ್ವವಿದ್ಯಾಲಯದ ಓಹಾರಾ ಸಾಮಾಜಿಕ ಸಂಶೋಧನಾ ಸಂಸ್ಥೆ 1919ರಲ್ಲಿ ಆರಂಭವಾದದ್ದು. ಯುದ್ಧಪೂರ್ವ ಮುಷ್ಕರಗಳ ಭಿತ್ತಿಪತ್ರಗಳ ಅದರ ಸಂಗ್ರಹ ಭಾಷೆ ಬಾರದವರಿಗೂ ಮಾತಾಡುತ್ತದೆ. ಯಂತ್ರಾನುವಾದವನ್ನು ನಂಬಬಹುದಾದದ್ದು ಅಚ್ಚಾದ ಆಧುನಿಕ ಬರಹಕ್ಕೆ ಮಾತ್ರ. ಮೇಜಿ ಕಾಲದ ಕೈಬರಹವನ್ನೂ 1960ರ ದಶಕದ ವಿದ್ಯಾರ್ಥಿಗಳ ಕರಪತ್ರಗಳ ಹ್ರಸ್ವಗೊಳಿಸಿದ ಅಕ್ಷರಗಳನ್ನೂ ಅದಕ್ಕೆ ಒಪ್ಪಿಸಿದರೆ ಕೈಗೆ ಬರುವುದು ಗೊಂದಲ.

ಕಾಗದ ತಡವಾಗಿ ಬರುವುದೂ ಉಂಟು. 1881ರಲ್ಲಿ ಚಿಬಾ ತಕುಸಬುರೋ ಎಂಬ ಶಾಲಾ ಶಿಕ್ಷಕ ಮತ್ತು ಅವನ ಹಳ್ಳಿಯ ಗೆಳೆಯರು ಚರ್ಚಿಸಿ ಬರೆದ 204 ವಿಧಿಗಳ ಸಂವಿಧಾನದ ಕರಡು ಟೋಕಿಯೋ ಪಶ್ಚಿಮದ ಇತ್ಸುಕೈಚಿಯ ಒಂದು ಹಳೆಯ ಉಗ್ರಾಣದಲ್ಲಿ 1968ರವರೆಗೆ ಮುದುಡಿ ಬಿದ್ದಿತ್ತು. ಚಿಚಿಬು ದಂಗೆಯ ಲೆಕ್ಕಪತ್ರ ನೋಡಿಕೊಂಡಿದ್ದ ಇನೋಯೆ ದೆಂಜೋ ಮರಣದಂಡನೆಯಿಂದ ತಪ್ಪಿಸಿಕೊಂಡು ಹೊಕ್ಕೈಡೊಗೆ ಹೋಗಿ, ಬೇರೆ ಹೆಸರಿನಲ್ಲಿ ಸಂಸಾರ ಮಾಡಿ, 1918ರಲ್ಲಿ ಸಾಯುವ ಹೊತ್ತಿಗಷ್ಟೇ ಹೆಂಡತಿ ಮಕ್ಕಳಿಗೆ ತಾನು ಯಾರೆಂದು ಹೇಳಿದ. ಹಾಗಾಗಿ ನಿಮ್ಮ ಟಿಪ್ಪಣಿಗಳಲ್ಲಿ ಘಟನೆ ಮುಗಿದ ತಾರೀಖಿನ ಕೆಳಗೆ ಅರ್ಧ ಪುಟವನ್ನಾದರೂ ಖಾಲಿ ಬಿಟ್ಟಿರಿ.

ಆ ಅರ್ಧ ಪುಟವನ್ನು ತುಂಬಲು ಕೆಲವೊಮ್ಮೆ ನೆಲವನ್ನೇ ಓದಬೇಕಾಗುತ್ತದೆ. ಅಶಿಯೊ ತಾಮ್ರ ಗಣಿಯ ವಿಷ ವತರಾಸೆ ನದಿಯ ಗದ್ದೆಗಳನ್ನು ಕೊಲ್ಲುತ್ತಿದೆ ಎಂದು 1891ರಿಂದ ಸಂಸತ್ತಿನಲ್ಲಿ ಕೂಗಿದ ತನಾಕಾ ಶೋಜೋ, ಸಂಸದ ಸ್ಥಾನ ಬಿಟ್ಟು, 1901ರ ಡಿಸೆಂಬರ್ 10ರಂದು ಚಕ್ರವರ್ತಿಯ ಗಾಡಿಯತ್ತ ಮನವಿ ಹಿಡಿದು ಓಡಿದರು. ಕಾವಲುಗಾರರು ತಡೆದರು. ಆ ಮನವಿಯನ್ನು ಬರೆದುಕೊಟ್ಟವರು ಕೊತೊಕು ಶೂಸುಯಿ; ತನಾಕಾ ಅದರ ಸಾಲುಗಳನ್ನು ತಿದ್ದಿ, ತಿದ್ದಿದ ಕಡೆಗಳಲ್ಲಿ ತಮ್ಮ ಮುದ್ರೆ ಒತ್ತಿದ್ದರು. 2014ರಲ್ಲಿ ಸಾನೊ ನಗರದ ವಸ್ತುಸಂಗ್ರಹಾಲಯದಲ್ಲಿ ಅಂದಿನ ಚಕ್ರವರ್ತಿ ಅದನ್ನು ನೋಡಿದರು. ಸರ್ಕಾರ ಕಂಡುಕೊಂಡ ಪರಿಹಾರವೆಂದರೆ ಯನಾಕಾ ಹಳ್ಳಿಯನ್ನು ರದ್ದುಮಾಡಿ, ಪ್ರವಾಹದ ನೀರು ನಿಲ್ಲಿಸುವ ಜಾಗವಾಗಿಸುವುದು. 1907ರಲ್ಲಿ ಕೊನೆಯವರೆಗೂ ಕದಲದೆ ಉಳಿದಿದ್ದ 16 ಮನೆಗಳನ್ನು ಕೆಡವಿದರು. 1970ರ ದಶಕದಲ್ಲಿ ಅಲ್ಲಿ ಜಲಾಶಯ ತೋಡಲು ಯಂತ್ರಗಳು ಬಂದಾಗ, ಹಳ್ಳಿಯವರ ಸಂತತಿಯವರು ಹಳೆಯ ದೇವಸ್ಥಾನದ, ಮಸಣದ ಜಾಗ ಮುಳುಗದಂತೆ ಅಡ್ಡ ನಿಂತರು. ಉಪಗ್ರಹದ ನಕ್ಷೆಯಲ್ಲಿ ಯನಾಕಾ ಕೆರೆಯನ್ನು ಹುಡುಕಿ ನೋಡಿ: ಅದು ಹೃದಯದ ಆಕಾರದಲ್ಲಿದೆ, ಪ್ರವಾಸಿಗಳು ಅದನ್ನು ಮುದ್ದಾಗಿದೆ ಎನ್ನುತ್ತಾರೆ. ಹೃದಯದ ಮೇಲ್ತುದಿಯಲ್ಲಿ ಒಳಕ್ಕೆ ಚುಚ್ಚಿಕೊಂಡಿರುವ ಆ ಹಸಿರು ಮೂಲೆಯೇ ಹಳ್ಳಿ.